ಅಪ್ಪನಂತೆಯೇ ಮಗನೂ ಆಗುವನೇ?

ಪ್ರೀತಿಯ ಮಗಳೇ,

ನೀನು ಮೆಚ್ಚಿದ ಹುಡುಗ ತಂದೆಯಿಂದ ತಾಯಿ ಏಟು ತಿನ್ನುವುದನ್ನು ನೋಡುತ್ತಲೇ ಬೆಳೆದವನೆಂದು ಬರೆದಿದ್ದೀಯ. ಮುಂದೆ ಅವನೂ ಹಾಗೆಯೇ ಆಗಬಹುದೇ ಎಂದು ಕೇಳಿದ್ದೀಯ. ಅಂಥದೇ ಮನೆಯಲ್ಲಿ ಬೆಳೆದ ನನ್ನನ್ನು ಕೇಳಿದ್ದು ಒಳ್ಳೆಯದೇ ಆಯಿತು.

ಬಾಲ್ಯದಲ್ಲಿ ಇಂಥದ್ದನ್ನು ಕಂಡ, ಇಲ್ಲವೇ ತಾವೇ ಏಟು ತಿಂದ ಗಂಡಸರಲ್ಲಿ ಸಂಗಾತಿಯ ಮೇಲೆ ಕೈಮಾಡುವ ಸಂಭವ ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿರುವುದು ನಿಜ. ಆದರೂ ಸಂಭವವನ್ನು ಹಣೆಬರಹವೆಂದು ಓದಬೇಡ, ಅಂಥ ಮನೆಗಳಿಂದ ಬಂದು ಎಂದೂ ಕೈಯೆತ್ತದವರು ಎಷ್ಟೋ ಮಂದಿ ಇದ್ದಾರೆ. ಜಗತ್ತಿನಾದ್ಯಂತ 15ರಿಂದ 49 ವರ್ಷದೊಳಗಿನ, ಸಂಗಾತಿಯನ್ನು ಹೊಂದಿದ್ದ ಮಹಿಳೆಯರಲ್ಲಿ ಸುಮಾರು ಶೇ. 27ರಷ್ಟು ಮಂದಿ ಒಮ್ಮೆಯಾದರೂ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತು. ಅಷ್ಟನ್ನೂ ಕೆಟ್ಟ ಬಾಲ್ಯದ ತಲೆಗೆ ಕಟ್ಟಲಾಗದು.

ನಿನ್ನ ಅಜ್ಜ ಕುಡಿದು ಬಂದ ರಾತ್ರಿಗಳಲ್ಲಿ ಮೊದಲು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ರೇಡಿಯೋದ ದನಿ ಏರಿಸಿ, ಆಮೇಲೆ ಅಜ್ಜಿಯ ಕಡೆ ತಿರುಗುತ್ತಿದ್ದರು. ಅದೇ ಮನುಷ್ಯ ಮೇಲಧಿಕಾರಿ ನಾಲ್ಕು ಜನರ ಮುಂದೆ ಬೈದರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕುಡಿತ ಹಿಂಸೆಯ ಸಂಭವವನ್ನೂ ಪೆಟ್ಟಿನ ಬಿರುಸನ್ನೂ ಹೆಚ್ಚಿಸುತ್ತದೆ, ಕೆಲಸ ಹೋದದ್ದು, ಸಾಲದ ಒತ್ತಡ ಇವೂ ಅದಕ್ಕೆ ಜೊತೆಗೂಡುತ್ತವೆ. ಆದರೆ ಕಿಟಕಿ ಮುಚ್ಚುವಷ್ಟು ಎಚ್ಚರವಿದ್ದವನಿಗೆ ಸಿಟ್ಟಿನಲ್ಲಿ ಮೈಮೇಲೆ ಪ್ರಜ್ಞೆಯಿರಲಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಹೆಂಡತಿಯನ್ನು ತಿದ್ದುವುದು ಗಂಡನ ಹಕ್ಕೆಂದು ಅವರು ನಂಬಿದ್ದರು. ಎಲ್ಲವನ್ನೂ ಕೇಳಿಸಿಕೊಂಡ ನೆರೆಹೊರೆಯವರು 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಬಾಗಿಲು ಹಾಕಿಕೊಂಡದ್ದು ಆ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿತು.

ಆದ್ದರಿಂದ ಆ ಹುಡುಗನ ಅಪ್ಪನನ್ನು ಬಿಟ್ಟು ಅವನನ್ನೇ ನೋಡು. ನೀನು ಯಾರೊಡನೆ ಮಾತನಾಡಿದೆ, ಎಷ್ಟು ಹೊತ್ತಿಗೆ ಬಂದೆ ಎಂದು ಲೆಕ್ಕ ಕೇಳುತ್ತಾನೆಯೇ? ನಿನ್ನ ಮೊಬೈಲನ್ನು ಅವನು ತೆಗೆದು ನೋಡುವುದು, ಗೆಳತಿಯರು ಒಬ್ಬೊಬ್ಬರಾಗಿ ದೂರವಾಗುವುದು, ನಿನ್ನ ಸಂಬಳ ಅವನ ಕೈಸೇರುವುದು, ಇವೆಲ್ಲ ಪ್ರೀತಿಯ ಹೆಸರಿನಲ್ಲೇ ಆರಂಭವಾಗುತ್ತವೆ. ಇಂಥ ಹತೋಟಿ ಪೆಟ್ಟಿಲ್ಲದೆಯೂ ಹಿಂಸೆಯಾಗಬಲ್ಲದೆಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಲ್ಲಿ ಅದನ್ನೇ ಅಪರಾಧವಾಗಿಸಿದರು. ಸಣ್ಣ ವಿಷಯಕ್ಕೆ ಒಮ್ಮೆ 'ಬೇಡ' ಎಂದು ನೋಡು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಅದಕ್ಕೆ ದಂಡ ತೆರಿಸುತ್ತಾನೆಯೇ ಎಂಬುದನ್ನು ಗಮನಿಸು.

ಇನ್ನೊಂದನ್ನು ಬರೆಯಲು ಕೈ ಹಿಂಜರಿಯುತ್ತದೆ. ಕತ್ತು ಹಿಸುಕಿದವನನ್ನು 'ಒಂದೇ ಸಲ' ಎಂದು ಎಂದಿಗೂ ಕ್ಷಮಿಸಕೂಡದು, ಏಕೆಂದರೆ ಅದು ಮುಂದೆ ಕೊಲೆಯಾಗಬಹುದಾದ ಅಪಾಯದ ಬಲವಾದ ಸೂಚನೆಗಳಲ್ಲಿ ಒಂದು. ಬಿಟ್ಟು ಹೊರಡುವ ಹೊತ್ತೂ ಅಷ್ಟೇ ಅಪಾಯದ್ದು. ಹೊರಡುತ್ತೇನೆಂದು ಅವನೊಬ್ಬನೇ ಇರುವಾಗ ಹೇಳಬಾರದು.

ನನ್ನ ವಿಷಯವನ್ನೂ ಮುಚ್ಚಿಡಲಾರೆ. ಮದುವೆಯಾದ ಎರಡನೆಯ ವರ್ಷ ಒಮ್ಮೆ ನನ್ನ ಕೈಯೂ ಮೇಲೆದ್ದಿತ್ತು. ಅದು ಹೇಗೆ ಕೆಳಗಿಳಿಯಿತೆಂಬುದನ್ನು ನಿನ್ನ ಅಮ್ಮನಿಂದಲೇ ಕೇಳು. ನಾನು ಹೇಳಿದರೆ ನನ್ನ ಪರವಾಗಿಯೇ ಹೇಳಿಕೊಂಡೇನು.

ಇಂತು ನಿನ್ನ,
ಅಪ್ಪ