ಏರ್ ಶೋ ಅವರಿಗೆ, ಬಿಸಿಲು ನಮಗೆ

ಸಂಪಾದಕರೇ,

ಯಲಹಂಕದ ಏರ್ ಶೋ ಶುರುವಾದ ದಿನ ವಾಹನ ಸಂಚಾರ ಸರಾಗವಾಗಿತ್ತು ಅಂತ ಅಧಿಕಾರಿಗಳು ಹೇಳಿದ್ದನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಯಾವ ರಸ್ತೆಯಲ್ಲಿ ಸ್ವಾಮಿ? ಅವತ್ತು ಅಮ್ಮನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೊರಟಿದ್ದೆ. ದೇವನಹಳ್ಳಿ ದಾಟುವ ತನಕ ಎಲ್ಲ ಸರಿ ಇತ್ತು. ಆಮೇಲೆ ನಿಂತಿತು ನೋಡಿ ಬಸ್ಸು, ಹುಣಸಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ಬಾಟಲಿ ನೀರು ಖಾಲಿ, ಡಾಕ್ಟರು ಕೊಟ್ಟಿದ್ದ ಟೈಮೂ ಮುಗಿದುಹೋಗಿತ್ತು. ಮುಂದಿನ ಸೀಟಿನಲ್ಲಿ ಸೇವಂತಿಗೆ ಮೂಟೆ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ಒಬ್ಬ ಹೆಂಗಸು. ಹೂವು ಸೆಕೆಗೆ ಬಾಡುತ್ತಿತ್ತು. ಆಯಮ್ಮ ಮೂಟೆ ಬಾಯಿ ಬಿಚ್ಚಿ ಟವೆಲಿನಲ್ಲಿ ಗಾಳಿ ಹಾಕುತ್ತಿದ್ದರು. ಕಂಡಕ್ಟರನ್ನು ಕೇಳಿದರೆ, "ಏರ್ ಶೋ ಅಲ್ವಾ ಸಾರ್, ಇಳಿದು ನೋಡ್ಕೊಳ್ಳಿ, ಬಿಟ್ಟಿ ಸಿಗ್ತಿದೆ" ಅಂದರು.

ನೋಡಿದೆವು. ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದಿದ್ದವಂತೆ. ತಲೆ ಮೇಲೆ ಏನೋ ಗುಡುಗಿತು, ಕತ್ತೆತ್ತುವಷ್ಟರಲ್ಲಿ ಮಾಯ. ಯಾವ ದೇಶದ್ದೋ ಯಾರಿಗೆ ಗೊತ್ತು.

ಯುದ್ಧವಿಮಾನ ಬೇಡ ಅನ್ನುವವನು ನಾನಲ್ಲ. 36 ರಫೇಲ್‌ಗೆ ಸುಮಾರು 59 ಸಾವಿರ ಕೋಟಿ ಕೊಟ್ಟರು, ಗಡಿ ಕಾಯಬೇಕಲ್ಲ, ಕೊಡಲಿ. ವಿಕ್ರಾಂತ್ ಹಡಗಿಗೆ ಸುಮಾರು 20 ಸಾವಿರ ಕೋಟಿ, ಅದನ್ನಾದರೂ ಕೊಚ್ಚಿಯಲ್ಲಿ ನಮ್ಮವರೇ ಕಟ್ಟಿದರು, ಸಂತೋಷ. ಆದರೆ ರಷ್ಯಾದ ಹಳೇ ಹಡಗು ವಿಕ್ರಮಾದಿತ್ಯಕ್ಕೆ 2004ರಲ್ಲಿ ಸುಮಾರು 97 ಕೋಟಿ ಡಾಲರ್ ಅಂತ ಮಾತಾಗಿ, ಕೊನೆಗೆ 235 ಕೋಟಿ ಡಾಲರ್ ತೆತ್ತೆವಲ್ಲ, ಯಾರನ್ನಾದರೂ ಕೇಳಿದರಾ? 83 ಹೊಸ ತೇಜಸ್ ಯುದ್ಧವಿಮಾನಕ್ಕೆ 2021ರಲ್ಲೇ ಒಪ್ಪಂದ ಆಗಿದೆ. ಎಂಜಿನ್ ಅಮೆರಿಕದಿಂದ ಬರಬೇಕಿತ್ತು, ತಡವಾಯಿತು, ಹಾಗಾಗಿ 2025ರಲ್ಲಿ ಈ ಏರ್ ಶೋ ನಡೆದಾಗಲೂ ಒಂದೂ ವಾಯುಪಡೆಯ ಕೈಸೇರಿರಲಿಲ್ಲ.

ನಮ್ಮ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಕಥೆಯೂ ಇದೇ. 2014ರಲ್ಲಿ 12,912 ಕೋಟಿ ಇದ್ದದ್ದು ಈಗ 23 ಸಾವಿರ ಕೋಟಿ ದಾಟಿದೆ, ನೀರು ಮಾತ್ರ ಇನ್ನೂ ಚಿಕ್ಕಬಳ್ಳಾಪುರದ ಮುಖ ನೋಡಿಲ್ಲ. ಅಲ್ಲಿಯವರೆಗೆ ಕುಡೀರಿ ಅನ್ನುವ ಹಾಗೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಟ್ಟಿದ್ದಾರೆ. ಮೂರನೇ ಹಂತವನ್ನೂ ಮಾಡಿ ಅಂತ ಎಷ್ಟು ಧರಣಿ ಆಯಿತು, ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಬೀದಿಯ ಮೋರಿ ಅರ್ಜಿ ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗೋಕೂ ಅಮೆರಿಕದಿಂದಲೇ ಎಂಜಿನ್ ಬರಬೇಕೇನೋ!

ಈ ಏರ್ ಶೋ ಯಲಹಂಕದಿಂದ ಎತ್ತಿ ಬೇರೆ ಎಲ್ಲಾದರೂ ಮಾಡಿ. ಹಾಗಂತ ಹಿಂದೊಮ್ಮೆ ಮಾತು ಬಂದಿತ್ತಲ್ಲ, ಹಾಗೆ ಲಖನೌಗೆ ಕೊಟ್ಟುಬಿಡಬೇಡಿ ಮತ್ತೆ, ಶೋ ನಮ್ಮದೇ. ಇಲ್ಲೇ ಮಾಡುವುದಾದರೆ ಬಸ್ಸಿಗೆ ಒಂದು ದಾರಿ ಬಿಡಿ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುವ ಕಾರ್ಯಕ್ರಮ ಇದು, ರಾತ್ರೋರಾತ್ರಿ ಹುಟ್ಟಿದ್ದಲ್ಲ. ಪೊಲೀಸರಿಗೋ ಸಾರಿಗೆಯವರಿಗೋ, ಯಾರಿಗಾದರೂ ಸ್ವಲ್ಪ ನಾಚಿಕೆ ಬೇಡವಾ? ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡ್ ತಗುಲಿಸೋಕೂ ಇವರ ಕೈಲಿ ಆಗಲಿಲ್ಲ.

– ಒಬ್ಬ ಬಸ್ ಪ್ರಯಾಣಿಕ, ಚಿಕ್ಕಬಳ್ಳಾಪುರ