ಯಾರೂ ಓದಿಲ್ಲ ಅಂತ ಬರೆದೆಯಲ್ಲ

ಪುಟ್ಟಿ,

ಮನೆ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಮೇಲ್‌ನಲ್ಲಿದ್ದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಮೂರು ವರ್ಷದ ಹಿಂದೆ ನೀನು ಕನ್ನಡಕ್ಕೆ ತಂದ ಸ್ಪ್ರೆಡ್‌ಶೀಟ್ ತಂತ್ರಾಂಶದ ಸಹಾಯ ಪುಟದಲ್ಲಿ ವಿಂಗಡಣೆಯ ಏರಿಕೆ ಕ್ರಮ, ಇಳಿಕೆ ಕ್ರಮ ಎರಡೂ ಅದಲುಬದಲಾಗಿವೆ, ಇಷ್ಟು ದಿನ ಒಬ್ಬರೂ ಹೇಳಿಲ್ಲ, "ಅಂದರೆ ಒಬ್ಬರೂ ಓದಿಲ್ಲ ದೊಡ್ಡಪ್ಪ" ಅಂದೆಯಲ್ಲ, ಅದು.

ತಪ್ಪು ಬಿಡು, ತಿದ್ದಿದರೆ ಆಯ್ತು. ಆ "ಅಂದರೆ" ಇದೆಯಲ್ಲ, ಅದೇ ನನಗೆ ಚುಚ್ಚಿದ್ದು.

ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ಮದುವೆ ಕಾಗದದಲ್ಲಿ ಒಂದು ಹೆಸರು ತಪ್ಪಿದರೆ ಸಂಜೆಯೊಳಗೆ ಗಂಡಿನ ಕಡೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಂದು ಸಲ ಯಾವುದೋ ಸಹಕಾರ ಸಂಘದ ವಾರ್ಷಿಕ ವರದಿಯಲ್ಲಿ ಎರಡು ಅಂಕಣಗಳ ತಲೆಬರಹ ಅದಲುಬದಲಾಗಿತ್ತು, ಜಮೆ ಇದ್ದಲ್ಲಿ ಖರ್ಚು, ಖರ್ಚು ಇದ್ದಲ್ಲಿ ಜಮೆ. ಥೇಟ್ ನಿನ್ನದೇ ತಪ್ಪು ನೋಡು. ಅಚ್ಚಾದ ಮೇಲೆ ನನ್ನ ಕಣ್ಣಿಗೆ ಬಿತ್ತು. ವಾರಗಟ್ಟಲೆ ಹೆದರಿ ಕಾದೆ. ಯಾರೂ ಬರಲಿಲ್ಲ. ಯಾರು ಓದುತ್ತಾರೆ ಇದನ್ನೆಲ್ಲ ಅಂತ ನಾನೂ ಅಂದುಕೊಂಡೆ. ಎಷ್ಟೋ ವರ್ಷದ ಮೇಲೆ ಒಬ್ಬರ ಮನೆಯಲ್ಲಿ ರದ್ದಿ ಪೇಪರ್ ಕಟ್ಟಿನ ಮೇಲೆ ಅದೇ ವರದಿ ಕಂಡಿತು. ಸುಮ್ನೆ ತೆಗೆದು ನೋಡಿದರೆ ಆ ಪುಟದಲ್ಲಿ ಎರಡು ತಲೆಬರಹಕ್ಕೂ ನೀಲಿ ಪೆನ್ನಲ್ಲಿ ಗೀಟು ಹೊಡೆದು, ಮೇಲೆ ಸರಿಯಾದದ್ದು ಬರೆದಿದ್ದರು. ತಿದ್ದಿಕೊಂಡು ಓದಿದ್ದಾರೆ, ಬಂದು ಹೇಳಿಲ್ಲ ಅಷ್ಟೇ.

ಹಾಗಂತ ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ನಿನ್ನ ಪುಟವನ್ನು ನಿಜಕ್ಕೂ ಯಾರೂ ಓದಿಲ್ಲದೆ ಇರಬಹುದು. ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಹೈಸ್ಕೂಲಿನ ಲ್ಯಾಬಿನಲ್ಲಿ ನಾವು ಲಿನಕ್ಸ್ ಹಾಕಿ ಡೆಸ್ಕ್‌ಟಾಪ್ ಪೂರ್ತಿ ಕನ್ನಡ ಮಾಡಿ ಬಂದಿದ್ದೆವು. ಮುಂದಿನ ವಾರ ಹೋದರೆ ಎಲ್ಲ ಇಂಗ್ಲಿಷ್. ಮೇಷ್ಟ್ರು ಒಳ್ಳೆಯವರೇ. "ಪರೀಕ್ಷೆಯಲ್ಲಿ ಫೈಲ್ ಮೆನು ಅಂತ ಕೇಳ್ತಾರೆ ಸಾರ್, ಕಡತ ಅಂತ ಕೇಳಲ್ಲ" ಅಂದರು. ಏನು ಹೇಳುವುದು? ಮೂಲೆಯ ಒಂದು ಕಂಪ್ಯೂಟರ್ ಮಾತ್ರ ಬದಲಾಯಿಸಲು ಮರೆತಿದ್ದರು. ಅಲ್ಲಿ ಕೂತ ಹುಡುಗಿಯೊಬ್ಬಳು "ಕತ್ತರಿಸು" ಒತ್ತಿ ಸಾಲು ಮಾಯವಾದದ್ದು ನೋಡಿ, "ಕತ್ತರಿಸಿದ್ದು ಎಲ್ಲಿ ಬೀಳತ್ತೆ ಸಾರ್?" ಅಂತ ಕೇಳಿದಳು. ಕ್ಲಿಪ್‌ಬೋರ್ಡಿಗೆ ನಾನು "ನಕಲುಫಲಕ" ಅಂತ ಹಾಕಿದ್ದೆ. ಆ ಮಗುವಿನ ಎದುರು ಆ ಪದ ಬಾಯಿಂದ ಹೊರಡಲಿಲ್ಲ. "ಕಂಪ್ಯೂಟರಿನ ಜೇಬಿಗೆ ಬೀಳತ್ತೆ" ಅಂದುಬಿಟ್ಟೆ.

ನಾನು ಈ ತಂತ್ರಾಂಶ ಅನುವಾದ ಶುರುಮಾಡಿದಾಗ ಇದ್ದ ಫಜೀತಿ ನಿನಗೆ ಗೊತ್ತಿಲ್ಲ. 1998ರಲ್ಲಿ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಂತು, ಆಮೇಲೆ ನುಡಿ ಬಂತು, ನಮ್ಮ ಡಿಟಿಪಿ ಕೈಗಳಿಗೆ ಅದೇ ರೂಢಿ. ಅನುವಾದದ ಸಾಲುಗಳನ್ನು ತುಂಬುವ ಮೊದಲ ಪಿಓ ಫೈಲಿಗೆ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಪೇಸ್ಟ್ ಮಾಡಿದರೆ ಕನ್ನಡ ಹೋಗಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಬಂದವು. ಯೂನಿಕೋಡ್ ಅಂದರೇನು, ಎಲ್ಲ ಕಂಪ್ಯೂಟರಿಗೂ ಅಕ್ಷರಕ್ಕೆ ಒಂದೇ ಸಂಕೇತ ಅಂತ ಆಗ ಕಲಿತೆ. ಇನ್ನೂರು ಸಾಲು ಮತ್ತೆ ಕುಟ್ಟಿದೆ. ಆಗಿನ್ನೂ ಓಪನ್ ಆಫೀಸ್ ಅನ್ನುವ ಉಚಿತ ಕಚೇರಿ ತಂತ್ರಾಂಶದ ಕಾಲ, 2010ರಲ್ಲಿ ಒಡೆದು ಲಿಬ್ರೆಆಫೀಸ್ ಆದದ್ದು ಆಮೇಲೆ. ನೀವೀಗ ವೆಬ್‌ಲೇಟ್ ಅನ್ನುವ ಅನುವಾದದ ತಾಣ ತೆರೆದು ಬ್ರೌಸರಿನಲ್ಲೇ ಮಾಡುತ್ತೀರಿ, ಹೊಟ್ಟೆಕಿಚ್ಚು ಬರುತ್ತದೆ.

ಹೇಳಬೇಕಾದದ್ದು ಇದಲ್ಲ. ಒಬ್ಬ ಹುಡುಗನ ವಿಷಯ ಹೇಳಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಮ್ಮ ಅನುವಾದ ತಂಡಕ್ಕೆ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಂದ. ಹತ್ತಿರ ಹತ್ತಿರ ನಲವತ್ತು ಸ್ಟ್ರಿಂಗ್ (ಪರದೆಯಲ್ಲಿ ಕಾಣುವ ಪದ, ಸಾಲುಗಳು) ಮಾಡಿ ಕಳಿಸಿದ. ಫೈಲ್, ಸೇವ್, ಪ್ರಿಂಟ್ ಅಂತಲೇ ಬರೆದಿದ್ದ. ಪರಿಶೀಲನೆ ನನ್ನದು. ಕಡತ, ಉಳಿಸು, ಮುದ್ರಿಸು ಅನ್ನುವ ಕನ್ನಡ ಇರುವಾಗ ಇದೇನು ಅಂತ ನಲವತ್ತನ್ನೂ ತಿರಸ್ಕರಿಸಿದೆ. ಜೊತೆಗೆ ಒಂದು ಉದ್ದನೆಯ ಉಪದೇಶ. ಅವನು ಉತ್ತರ ಬರೆದ, ಗಟ್ಟಿ ಧ್ವನಿಯಲ್ಲೇನೂ ಅಲ್ಲ. "ನೀವು ಮಾಡಿದ್ದನ್ನೆಲ್ಲ ಓದಿಯೇ ಶುರುಮಾಡಿದೆ ಸಾರ್, ಮೂರು ಕಡೆ ನೀವೂ ಫೈಲ್ ಅಂತ ಹಾಕಿದ್ದೀರಿ" ಅಂತ ಆ ಮೂರು ಜಾಗವನ್ನೂ ತೋರಿಸಿದ್ದ. ನನಗೆ ಸಿಟ್ಟು ಬಂತು. ಉತ್ತರ ಕೊಡಲಿಲ್ಲ. ಅವನು ಮತ್ತೆ ಬರಲಿಲ್ಲ.

ನನ್ನ ಅಷ್ಟೂ ಕೆಲಸವನ್ನು ಸಾಲು ಬಿಡದೆ ಓದಿದವನು ಅವನೊಬ್ಬನೇ ಅಂತ ಈಗ ಅನ್ನಿಸುತ್ತದೆ. ನೀನು ಇಲ್ಲ ಅಂತ ಅಳುತ್ತಿರುವ ಓದುಗ ನನಗೆ ಸಿಕ್ಕಿದ್ದ. ತಪ್ಪನ್ನೂ ತೋರಿಸಿದ. ನಾನೇ ಬಾಗಿಲು ಹಾಕಿದೆ.

ಆಮೇಲೆ ನನಗೂ ಬೇಜಾರಾಗಿ ನಿಲ್ಲಿಸಿದೆ. ಯಾರಿಗೂ ಒಪ್ಪಿಸದೆ ಬಿಟ್ಟು ಬಂದೆ. ಹೊಸ ಆವೃತ್ತಿ ಬಂದಾಗಲೆಲ್ಲ ಮೂಲದಲ್ಲಿ ಒಂದೊಂದು ಪದ ಬದಲಾಗಿ ನನ್ನ ಸಾಲುಗಳಿಗೆ "ಮತ್ತೆ ನೋಡಬೇಕು" ಅನ್ನುವ ಫಜ್ಜಿ ಗುರುತು ಬೀಳುತ್ತಾ ಹೋಯಿತು. ಫಜ್ಜಿ ಬಿದ್ದ ಸಾಲು ಪರದೆಗೆ ಬರುವುದಿಲ್ಲ, ಅಲ್ಲಿ ಮತ್ತೆ ಇಂಗ್ಲಿಷೇ ಕಾಣುತ್ತದೆ. ನಿನಗೆ ಗೊತ್ತಿರುವುದೇ. ತೋಟಕ್ಕೆ ಹೋಗುವುದು ಬಿಟ್ಟರೆ ಕಳೆ ಬೆಳೆದು ದಾರಿ ಮುಚ್ಚುತ್ತದಲ್ಲ, ಹಾಗೇ ಆಯಿತು. ಓದುವವರು ಇಲ್ಲ ಅಂತ ನಾವು ಬಿಡುತ್ತೇವೆ, ಬಿಟ್ಟ ಮೇಲೆ ಓದಲು ಏನೂ ಉಳಿಯುವುದಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳು. ಆ ಏರಿಕೆ ಇಳಿಕೆಯನ್ನು ಇವತ್ತೇ ತಿದ್ದು, ತಿದ್ದಿದ್ದು ಯಾಕೆ ಅಂತ ಒಂದು ಸಾಲಿನ ಟಿಪ್ಪಣಿ ಹಾಕು. ಸಹಾಯ ಪುಟದಲ್ಲಿ ಬರೆದ ಬಟನ್ ಹೆಸರು ಮೆನುವಿನಲ್ಲಿ ಇರುವ ಹಾಗೇ ಇದೆಯಾ ನೋಡಿಕೋ. ಅಲ್ಲಿ "ವಿಂಗಡಿಸು", ಇಲ್ಲಿ "ಜೋಡಿಸು" ಅಂತಿದ್ದರೆ ಓದಿದವನೂ ದಾರಿ ತಪ್ಪುತ್ತಾನೆ. ಇನ್ನು ಫೈಲಿನ ಹೆಸರೋ ಏನೋ ಬಂದು ಕೂರಲಿ ಅಂತ ಜಾಗ ಬಿಟ್ಟ ಆ ಪರ್ಸೆಂಟ್ ಎಸ್ (%s) ಇರುವ ಸಾಲುಗಳು. ಅಲ್ಲಿಗೆ ಯಾವ ಹೆಸರು ಬಂದು ಕೂರುತ್ತದೋ ಗೊತ್ತಿಲ್ಲದೆ ಪಕ್ಕದಲ್ಲಿ "ಅನ್ನು" ಅನಾಥನ ಹಾಗೆ ನಿಂತಿರುತ್ತದೆ. ಆದಷ್ಟೂ ವಾಕ್ಯವನ್ನೇ ತಿರುಗಿಸಿ "ಅನ್ನು" ಬೇಡದ ಹಾಗೆ ಮಾಡು. ನನಗೆ ಹತ್ತರಲ್ಲಿ ಆರು ಸಲ ಮಾತ್ರ ಸಾಧ್ಯವಾಗುತ್ತಿತ್ತು. ಯಂತ್ರ ಸೂಚಿಸಿದ್ದನ್ನು ಓದದೆ ಒಪ್ಪಬೇಡ, ಇದನ್ನು ನೀನೇ ನನಗೆ ಹೇಳಿದ್ದೆ ಅಲ್ವಾ.

ಮತ್ತೆ, ಹೊಸಬರು ಬಂದು ಏನಾದರೂ ಕೆಟ್ಟದಾಗಿ ಮಾಡಿ ಕಳಿಸಿದರೆ ಆ ರಾತ್ರಿ ಉತ್ತರ ಬರೆಯಬೇಡ. ಬೆಳಗ್ಗೆ ಕಾಫಿ ಕುಡಿದು ಬರಿ.

ಇನ್ನೂ ಒಬ್ಬರೂ ಓದಿಲ್ಲ ಅಂತಲೇ ಅನ್ನಿಸುತ್ತಿದ್ದರೆ ನಾನೇನು ಮಾಡಲಿ. ಆ ಪುಟದ ಲಿಂಕ್ ಕಳಿಸು. ಹೊಸ ಕನ್ನಡಕ ಗುರುವಾರ ಸಿಗುತ್ತದಂತೆ. ನಿನ್ನ ದೊಡ್ಡಮ್ಮನ ಸ್ವಸಹಾಯ ಸಂಘದ ಲೆಕ್ಕ ಈಗ ಸ್ಪ್ರೆಡ್‌ಶೀಟಿಗೆ ಏರಿಸಬೇಕಾಗಿದೆ, ಹೆಸರುಗಳನ್ನು ಅಕಾರಾದಿಯಲ್ಲಿ ಹಾಕುವುದು ಹೇಗೆ ಅಂತ ಅವಳು ಒಂದು ವಾರದಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಶುಕ್ರವಾರ ಇಬ್ಬರೂ ಕೂತು ನಿನ್ನ ಪುಟ ನೋಡಿಯೇ ಮಾಡುತ್ತೇವೆ. ಅಷ್ಟರೊಳಗೆ ತಿದ್ದಿರು.

ಇಂತಿ,
ನಿನ್ನ ದೊಡ್ಡಪ್ಪ