ಹತ್ತುವ ಕೂಸಿಗೆ ಹತ್ತಲು ಜಾಗ ಕೊಡು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ, ಹೇಳಬೇಕಾದದ್ದನ್ನೆಲ್ಲ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆಟಿಸಂ ಇರುವ ನಿನ್ನ ಮಗ, ನಮ್ಮ ಪುಟ್ಟ, ಮನೆಯ ಕಂಪೌಂಡ್ ಹತ್ತಿ ಪಕ್ಕದವರ ತಗಡಿನ ಮೇಲೆ ಹೋಗಿ ನಿಂತಿದ್ದ, ಓಣಿಯವರೆಲ್ಲ ಸೇರಿದ್ದರು, ಒಬ್ಬರು "ಎರಡು ಬಾರಿಸಿ, ತಾನೇ ಸರಿಹೋಗುತ್ತಾನೆ" ಅಂದರು ಅಂದೆ. ಬಾರಿಸಬೇಡ. ಯಾರಿಗೂ ಬಾರಿಸಲು ಬಿಡಬೇಡ. ಏಟು ತಿಂದ ಕೂಸು ಹತ್ತುವುದನ್ನು ಬಿಡುವುದಿಲ್ಲ. ನಿನ್ನನ್ನು ಕಂಡರೆ ಇನ್ನೂ ಎರಡು ಗೇಣು ಮೇಲಕ್ಕೆ ಹೋಗುತ್ತಾನೆ, ಅಷ್ಟೇ.

ಹತ್ತುವುದನ್ನೇ ನಿಲ್ಲಿಸುತ್ತೇನೆ ಅನ್ನುವ ಹಟಕ್ಕೆ ಬೀಳಬೇಡ ಮಗಳೇ. ಎಲ್ಲಿ ಹತ್ತಬೇಕು ಅನ್ನುವುದನ್ನು ನೀನು ತೀರ್ಮಾನಿಸು.

ನಿಮ್ಮ ಅಣ್ಣ, ನನ್ನ ಮಗ, ಚಿಕ್ಕವನಿದ್ದಾಗ ಹೇಗಿದ್ದ ಅಂತ ನಿನಗೆ ನೆನಪಿರಲಿಕ್ಕಿಲ್ಲ. ವಿಜಯಪುರದ ನಮ್ಮ ಹಳೇ ಮನೆಯಲ್ಲಿ ಪಡಸಾಲೆಯ ಬಾಗಿಲ ಚೌಕಟ್ಟು ಇತ್ತಲ್ಲ, ಅದರ ಎರಡೂ ಕಡೆ ಅಂಗೈ, ಅಂಗಾಲು ಒತ್ತಿ ಹಲ್ಲಿಯ ಹಾಗೆ ಸರಸರ ಏರುತ್ತಿದ್ದ. ಮೇಲೆ ಹೋಗಿ ಕೆನ್ನೆಯನ್ನು ಕಟ್ಟಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಾಲಿನ ಬೆರಳುಗಳು ಒಂದೊಂದೂ ಬೇರೆಯಾಗಿ ಚೌಕಟ್ಟನ್ನು ಹಿಡಿದಿರುತ್ತಿದ್ದವು. ಕೆಳಗಿದ್ದಾಗ ಕೈ ಬಡಿಯುತ್ತ, ಗುಂಯ್ ಅನ್ನುತ್ತ ಅಂಗಳದ ತುಂಬ ಓಡುವ ಹುಡುಗ, ಅಲ್ಲಿ ಮೇಲೆ ಉಸಿರು ಕೂಡ ನಿಧಾನ ಬಿಡುತ್ತಿದ್ದ.

ಯಾಕೆ ಹೀಗೆ ಅಂತ ಆಮೇಲೆ ಥೆರಪಿಸ್ಟ್ ತಿಳಿಸಿ ಹೇಳಿದರು. ನಮ್ಮ ಸ್ನಾಯು, ಕೀಲುಗಳು ಮೈ ಎಲ್ಲಿದೆ, ಹೇಗಿದೆ ಅಂತ ಮೆದುಳಿಗೆ ಸದಾ ಸುದ್ದಿ ಕಳಿಸುತ್ತಿರುತ್ತವೆ. ಕಿವಿಯ ಒಳಭಾಗ ತೂಕ ತಪ್ಪಿತಾ, ತಿರುಗಿತಾ ಅಂತ ಹೇಳುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಈ ಸುದ್ದಿ ಬೇರೆಯವರಿಗಿಂತ ಜಾಸ್ತಿ ಬೇಕಾಗುತ್ತದೆ. ಜೋತಾಡಿದಾಗ, ಎಳೆದಾಗ, ಮೈಯ ಭಾರವನ್ನು ತೋಳಿನ ಮೇಲೆ ಹೊತ್ತಾಗ ಅದು ಸಿಗುತ್ತದೆ. ಬೇಕಾದಷ್ಟು ಸಿಕ್ಕ ಮೇಲೆ ಕೂಸು ತಾನೇ ತಣ್ಣಗಾಗುತ್ತದೆ. ಅದು ಹಸಿವು ಇದ್ದ ಹಾಗೆ. ಗದರಿಸಿ ಹಸಿವು ಹೋಗಿಸಲು ಆಗುತ್ತದಾ?

ಆದರೆ ಪ್ರತಿ ಸಲವೂ ಕಾರಣ ಅದೇ ಇರುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೋ. ಯಾವಾಗ ಹತ್ತಿದ, ಸ್ವಲ್ಪ ಮುಂಚೆ ಮನೆಯಲ್ಲಿ ಏನು ನಡೀತಿತ್ತು ಅಂತ ಒಂದು ಸಾಲು ಬರೆ. ಮಿಕ್ಸರ್ ಹಾಕಿದಾಗ, ನೆಂಟರು ಬಂದಾಗ ಮಾತ್ರ ಕಪಾಟಿನ ಮೇಲೆ ಹೋಗುತ್ತಾನೆ ಅಂದರೆ ಅವನು ಸದ್ದಿನಿಂದ ಓಡಿ ಹೋಗುತ್ತಿದ್ದಾನೆ. ಅವನಿಗೆ ಒಂದು ಮೂಲೆ ಬೇಕು, ಪರದೆ ಬೇಕು. ಫ್ರಿಜ್ ಮೇಲಿನ ಚಕ್ಕುಲಿ ಡಬ್ಬಕ್ಕಾಗಿ ಹತ್ತಿದರೆ, ಅವನಿಗೆ ಬಾಯಲ್ಲಿ ಕೇಳಲು ಬರುವುದಿಲ್ಲ ಅಂತ ಅರ್ಥ. ಡಬ್ಬದ ಫೋಟೊ ಅವನ ಎತ್ತರಕ್ಕೆ ಗೋಡೆಗೆ ಅಂಟಿಸು, ಅದನ್ನು ಮುಟ್ಟಿ ತೋರಿಸಿದ ಕೂಡಲೇ ಕೊಡು. ಮೊದಮೊದಲು ಎಷ್ಟು ಸಲ ಕೇಳಿದರೂ ಕೊಡು. ಕೇಳಿದರೆ ಸಿಗುತ್ತದೆ ಅನ್ನೋದು ಅವನಿಗೆ ಗಟ್ಟಿಯಾಗಲಿ.

ಇನ್ನು ಭಯದ ಮಾತು. ಇದನ್ನು ಹಗುರ ಮಾಡಿ ಹೇಳಲಾರೆ. ಎಷ್ಟು ಎತ್ತರ, ಬಿದ್ದರೆ ಏನಾಗುತ್ತದೆ ಅನ್ನುವ ಅಂದಾಜು ಇಂಥ ಅನೇಕ ಮಕ್ಕಳಿಗೆ ತಡವಾಗಿ ಬರುತ್ತದೆ. ನೋವು ಆದರೂ ಕೆಲವರು ಹೇಳುವುದಿಲ್ಲ. ಅದಕ್ಕೇ ಬಿದ್ದಾಗಲೆಲ್ಲ ಅಳಲಿಲ್ಲ ಅಂತ ಸುಮ್ಮನಾಗಬೇಡ, ಕೈಕಾಲು, ತಲೆ ಮುಟ್ಟಿ ನೋಡು. ತಲೆಗೆ ಪೆಟ್ಟಾಗಿ ವಾಂತಿಯಾದರೆ, ಮಂಕಾದರೆ ಕಾಯಬೇಡ, ಆಸ್ಪತ್ರೆಗೆ ಹೋಗು. ಅವನು ಮೇಲಿರುವಾಗ ದೂರದಿಂದ ಕೂಗಬೇಡ. ಬೆಚ್ಚಿದರೆ ಕೈ ಬಿಡುತ್ತಾನೆ, ಇಲ್ಲವೇ ನೀನು ಕೂಗೋದೇ ಅವನಿಗೆ ಆಟ ಆಗುತ್ತದೆ. ಹತ್ತಿರ ಹೋಗು, ಕೆಳಗೆ ನಿಲ್ಲು, ಮೆಲ್ಲಗೆ "ಕಾಲು ಕೆಳಗೆ" ಅನ್ನು. "ಬೇಡ, ಬೇಡ" ಅಂದರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗುವುದಿಲ್ಲ. ಏರುವುದನ್ನು ಅವನು ತಾನೇ ಕಲಿತಿದ್ದಾನೆ, ಇಳಿಯುವುದನ್ನು ನೀನು ಕಲಿಸಬೇಕು. ಮುಖ ಗೋಡೆಯ ಕಡೆ, ಒಂದು ಕಾಲು ಕೆಳಗೆ, ಅದು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದು. ಅವನ ಹಿಮ್ಮಡಿ ಹಿಡಿದು ಪಾದವನ್ನು ನೀನೇ ಮೆಟ್ಟಿಲ ಮೇಲೆ ಇಡು. ಮಂಚದಿಂದ ಶುರು ಮಾಡು, ಆಮೇಲೆ ಏಣಿಯ ಮೂರು ಮೆಟ್ಟಿಲು. ಪ್ರತಿ ದಿನ.

ಮನೆಯನ್ನು ಒಂದು ಸಲ ಅವನ ಕಣ್ಣಿನಿಂದ ನೋಡು. ಕಪಾಟು, ಶೋಕೇಸು, ಟಿವಿ ಎಲ್ಲವನ್ನೂ ಎಲ್ ಆಕಾರದ ಕಬ್ಬಿಣದ ಪಟ್ಟಿ (ಎಲ್-ಕ್ಲಾಂಪ್) ಹಾಕಿಸಿ ಗೋಡೆಗೆ ಬಿಗಿಸು. ಮಗು ಹತ್ತಿದಾಗ ಕಪಾಟೇ ಮಗುಚಿ ಮೈಮೇಲೆ ಬೀಳುವುದು ದೊಡ್ಡ ಅಪಾಯ. ನಿನ್ನ ಹಿಂದಿನ ಕಿಟಕಿಯ ಗ್ರಿಲ್‌ನಲ್ಲಿ ಅಡ್ಡ ಸರಳುಗಳಿವೆ, ಅವನಿಗೆ ಅದು ಏಣಿ. ಉದ್ದ ಸರಳಿನ ಗ್ರಿಲ್ ಹಾಕಿಸು, ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಸಂದು ಬೇಡ. ಮಾಳಿಗೆಯ ಪ್ಯಾರಾಪೆಟ್ ಹತ್ತಿರ ಕುರ್ಚಿ, ಹೂಕುಂಡ, ಉಳಿದ ಇಟ್ಟಿಗೆ ಒಂದೂ ಇರಬಾರದು. ನೀರಿನ ಟಾಕಿಯ ಮುಚ್ಚಳಕ್ಕೆ, ನೆಲದೊಳಗಿನ ಸಂಪ್‌ನ ಮುಚ್ಚಳಕ್ಕೆ ಬೀಗ ಹಾಕು. ಮಾಳಿಗೆ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ ಒಂದು ಎತ್ತಿನ ಗೆಜ್ಜೆ ಕಟ್ಟು. ರಾತ್ರಿ ಎರಡು ಗಂಟೆಗೆ ಅವನು ಎದ್ದರೆ ಗೆಜ್ಜೆ ನಿನ್ನನ್ನು ಎಬ್ಬಿಸುತ್ತದೆ. ಕಂಪೌಂಡ್ ದಾಟುವ ಮಗು ಓಣಿಯನ್ನೂ ದಾಟುತ್ತದೆ. ಇಂಥ ಎಷ್ಟೋ ಮಕ್ಕಳಿಗೆ ನೀರೆಂದರೆ ಸೆಳೆತ. ನೀವಿರುವುದು ಬಾಗಲಕೋಟೆ, ಹಳೇ ಊರಿನ ಕಡೆ ಹೋದರೆ ಆಲಮಟ್ಟಿಯ ಹಿನ್ನೀರು ಇದೆ. ಅಂಗಿಯ ಒಳಗೆ ನಿನ್ನ ಫೋನ್ ನಂಬರ್ ಹೊಲಿ. ಓಣಿಯ ಅಂಗಡಿಯವರಿಗೆ ಅವನ ಮುಖ ಪರಿಚಯ ಮಾಡಿಸು. ನಾಚಿಕೆ ಯಾತಕ್ಕೆ?

ಇಷ್ಟು ಮುಚ್ಚಿದ ಮೇಲೆ ಅಷ್ಟೇ ತೆರೆಯಬೇಕು, ಇಲ್ಲದಿದ್ದರೆ ಅವನು ಹೊಸ ದಾರಿ ಹುಡುಕುತ್ತಾನೆ. ನಾವು ಪಂಚಮಿಗೆ ಮಾತ್ರ ಜೋಕಾಲಿ ಕಟ್ಟುತ್ತೇವೆ, ಅಲ್ವಾ? ನೀನು ವರ್ಷಪೂರ್ತಿ ಕಟ್ಟು. ಛತ್ತಿನ ಕೊಂಡಿಯನ್ನು ತಿಳಿದವರಿಂದ ಪರೀಕ್ಷೆ ಮಾಡಿಸು. ಪಕ್ಕಕ್ಕೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡು, ಕೆಳಗೆ ಹಳೇ ಗಾದಿಗಳನ್ನು ಹಾಸು. ಆದರೆ ಹಗ್ಗದ ಬಳಿ ಅವನನ್ನು ಒಬ್ಬನೇ ಬಿಡಬೇಡ, ಆಟ ಮುಗಿದ ಮೇಲೆ ಮೇಲಕ್ಕೆ ಎತ್ತಿ ಕಟ್ಟಿಬಿಡು. ಶಾಲೆಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಊಟಕ್ಕೆ ಮುಂಚೆ ಒಂದು ಸಲ, ಹೊತ್ತು ತಪ್ಪಿಸದೆ. ಜೊತೆಗೆ ಭಾರದ ಕೆಲಸ ಕೊಡು. ನೀರಿನ ಸಣ್ಣ ಕೊಡ ಹೊರಲಿ, ರೊಟ್ಟಿ ಹಿಟ್ಟು ನಾದಲಿ. ಹಿಟ್ಟು ನೆಲಕ್ಕೆ ಚೆಲ್ಲಿದರೆ ಚೆಲ್ಲಲಿ.

ಸ್ವಲ್ಪ ದೊಡ್ಡವನಾದ ಮೇಲೆ ತುಳಸಿಗೇರಿಗೆ ಕರೆದುಕೊಂಡು ಹೋಗು. ನಿಮಗೆ ಹತ್ತಿರವೇ. ಮಲ್ಲಕಂಬಕ್ಕೆ ಆ ಊರು ಹೆಸರುವಾಸಿ. ಔಡಲೆಣ್ಣೆ ಹಚ್ಚಿದ ಕಂಬದ ಮೇಲೆ ಮಕ್ಕಳು ಏರುವುದನ್ನು ಅವನು ಕೂತು ನೋಡಲಿ. ಕಲಿಸುವವರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡು, ಮೊದಲು ಒಬ್ಬನಿಗೇ ಬೇರೆ ಹೊತ್ತು ಕೊಡಲು ಕೇಳು. ಬಾದಾಮಿಯ ಕೆಂಪು ಬಂಡೆಗಳಿಗೆ ಹೊರದೇಶಗಳಿಂದಲೂ ಜನ ಹತ್ತಲು ಬರುತ್ತಾರೆ. ಹಗ್ಗ, ಹೆಲ್ಮೆಟ್, ಹಾರ್ನೆಸ್, ಪಳಗಿದ ಗುರು ಇದ್ದರೆ ಮಾತ್ರ ಅಲ್ಲಿಗೆ ಕರೆದೊಯ್ಯಿ. ಚಳಿಗಾಲದಲ್ಲಿ ಹೋಗು, ಬೇಸಿಗೆಯಲ್ಲಿ ಬಂಡೆ ಕೈಗೆ ಸುಡುತ್ತದೆ. ಸೊಂಟಕ್ಕೆ ಬಿಗಿಯಾಗುವ ಹಾರ್ನೆಸ್ ಕೆಲವು ಮಕ್ಕಳಿಗೆ ಹಿತ, ಕೆಲವರಿಗೆ ಹಿಂಸೆ. ಮನೆಯಲ್ಲೇ ಬೆಲ್ಟ್ ಕಟ್ಟಿ ಅಭ್ಯಾಸ ಮಾಡಿಸು. ಇಲ್ಲಿಗೆ ಬಂದಾಗ ಗೋಳಗುಮ್ಮಟದ ಮೆಟ್ಟಿಲು ನಾನೇ ಹತ್ತಿಸುತ್ತೇನೆ, ಆದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ. ರಜೆಯ ಗದ್ದಲದಲ್ಲಿ ಮೇಲಿನ ಮಾರ್ದನಿ ಇವನ ಕಿವಿ ತಡೆಯುವುದಿಲ್ಲ.

ಕಾಗದಪತ್ರದ ಕೆಲಸ ಮುಂದೂಡಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಬೀಳುವ ಮಗುವಿರುವ ಮನೆಗೆ ಅದು ಬೇಕು.

ನಿನ್ನ ಅತ್ತೆ "ತಾಯಿ ಫೋನ್ ನೋಡ್ತಾ ಕೂತರೆ ಹೀಗೇ" ಅಂದರಂತೆ. ತಾಯಿಯ ಪ್ರೀತಿ ಕಡಿಮೆಯಾಗಿ ಆಟಿಸಂ ಬರುತ್ತದೆ ಅಂತ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ಬರ್ನಾರ್ಡ್ ರಿಮ್ಲಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1964ರಲ್ಲೇ ಅದನ್ನು ತಳ್ಳಿಹಾಕಿದರು. ಅವರ ಮಗನಿಗೂ ಆಟಿಸಂ ಇತ್ತು. ನಿನ್ನ ಹೆರಿಗೆಯಲ್ಲಾಗಲಿ, ನಿನ್ನ ಆರೈಕೆಯಲ್ಲಾಗಲಿ ತಪ್ಪು ಹುಡುಕುತ್ತ ಕೂರಬೇಡ. ಅತ್ತೆಯ ಜೊತೆ ಜಗಳವೂ ಬೇಡ, ಸಂಜೆ ಜೋಕಾಲಿ ತೂಗುವ ಕೆಲಸ ಅವರಿಗೇ ಒಪ್ಪಿಸು. ಆ ಅರ್ಧ ಗಂಟೆ ಚಿಕ್ಕವಳನ್ನು ತೊಡೆ ಮೇಲೆ ಕೂರಿಸಿಕೋ. ಅವಳೂ ಅಣ್ಣನ ಹಿಂದೆ ಹತ್ತುತ್ತಾಳೆ ಅಂದೆಯಲ್ಲ, ಅವಳಿಗೂ ನೀನು ಬೇಕು.

ಹಿಂದಿನ ಕಿಟಕಿಯ ಅಳತೆ, ಮಾಳಿಗೆ ಬಾಗಿಲಿನ ಫೋಟೊ ಇವತ್ತೇ ಕಳಿಸು. ನಿನ್ನ ದೊಡ್ಡಪ್ಪ ವೆಲ್ಡಿಂಗ್ ಅಂಗಡಿಯವರ ಹತ್ತಿರ ಮಾತಾಡಿ ಇಟ್ಟಿದ್ದಾರೆ. ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಹಗ್ಗ ನಾವೇ ತರುತ್ತೇವೆ, ನೀನು ಕೊಳ್ಳಬೇಡ.

ನಿನ್ನ ದೊಡ್ಡವ್ವ